ಎಚ್‌ಐವಿ ಇರುವವರ ಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸುವುದು ಏಕೆ?

ಪ್ರಶ್ನೆ (ಪಿಂಪ್ರಿ, ಪುಣೆ)

ಧಾರವಾಡದಿಂದ ಬಂದು ಇಲ್ಲಿ ನೆಲೆಸಿರುವ ನನ್ನ ಅಣ್ಣ ಒಂಬತ್ತು ವರ್ಷಗಳಿಂದ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ವೈರಲ್ ಲೋಡ್, ಅಂದರೆ ರಕ್ತದಲ್ಲಿನ ವೈರಸ್ಸಿನ ಪ್ರಮಾಣ, ಬಹಳ ಕಾಲದಿಂದ ಪರೀಕ್ಷೆಗೆ ಸಿಗದಷ್ಟು ಕಡಿಮೆಯಿದೆ. ಈಗ ಒಂದು ಸಂಶೋಧನೆಗೆ ಅವರ ರಕ್ತವನ್ನು ಕೇಳಿದ್ದು, ಅದರಿಂದ ಸಿಡಿ4 ಕೋಶಗಳನ್ನು (ಎಚ್‌ಐವಿ ದಾಳಿ ಮಾಡುವ ಬಿಳಿ ರಕ್ತಕೋಶಗಳು) ಬೇರ್ಪಡಿಸಿ ಬೆಳೆಸುವುದಾಗಿ ಒಪ್ಪಿಗೆ ಪತ್ರದಲ್ಲಿ ಬರೆದಿದೆ. ರಕ್ತದಲ್ಲಿ ವೈರಸ್ಸೇ ಕಾಣದಿರುವಾಗ ಕೋಶ ಬೆಳೆಸಿ ನೋಡುವುದಾದರೂ ಏನನ್ನು? ಬೆಳೆದ ಕೋಶಗಳನ್ನು ಅಣ್ಣನಿಗೆ ಮರಳಿ ಕೊಡುತ್ತಾರೆಯೇ? ಹೆಸರು ಹೊರಬಿದ್ದೀತೆಂಬ ಅಳುಕೂ ಅವರಿಗಿದೆ.

ಉತ್ತರ 1 (ಪಾಷಾಣ, ಪುಣೆ)

ನಾನು ಕೆಲವು ವರ್ಷ ಕೋಶ ಕೃಷಿಯ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವಳು. ರಕ್ತವನ್ನು ಫೈಕಾಲ್ ಎಂಬ ದ್ರವದ ಮೇಲೆ ನಿಧಾನವಾಗಿ ಹರಡಿ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ಕೆಂಪು ಕಣಗಳು ತಳಕ್ಕಿಳಿದು, ನಮಗೆ ಬೇಕಾದ ಬಿಳಿ ಕೋಶಗಳು ನಡುವೆ ತೆಳುವಾದ ಮಬ್ಬು ಪದರವಾಗಿ ನಿಲ್ಲುತ್ತವೆ. ಆದರೆ ವಿಶ್ರಾಂತಿಯಲ್ಲಿರುವ ಸಿಡಿ4 ಕೋಶ ತಾನಾಗಿ ವಿಭಜನೆಗೊಳ್ಳುವುದಿಲ್ಲ. ಅದನ್ನು ಎಬ್ಬಿಸಬೇಕು, ಆಮೇಲೆ ಇಂಟರ್‌ಲ್ಯೂಕಿನ್-2 ಕೊಟ್ಟು ಪೋಷಿಸಬೇಕು. 1976ರಲ್ಲಿ ಈ ಪೋಷಕ ಅಂಶ ಕೈಗೆ ಸಿಕ್ಕದಿದ್ದರೆ, 1983ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯವರು ಈ ವೈರಸ್ಸನ್ನು ಬೆಳೆಸಿ ಗುರುತಿಸುವುದು ಬಹಳ ಕಷ್ಟವಾಗುತ್ತಿತ್ತು. ಅಲ್ಲಿಯೂ ರೋಗಿಯ ಕೋಶಗಳು ಸಾಯತೊಡಗಿದಾಗ ಆರೋಗ್ಯವಂತರ ಕೋಶಗಳನ್ನು ಸೇರಿಸಿ ಕೃಷಿಯನ್ನು ಉಳಿಸಿಕೊಂಡಿದ್ದರು.

ನಿಮ್ಮ ಪ್ರಶ್ನೆಯ ತಿರುಳು ಇಲ್ಲಿದೆ. ಮಾತ್ರೆ ತೆಗೆದುಕೊಳ್ಳುವವರಲ್ಲಿ, ಸ್ಥೂಲವಾಗಿ ಹತ್ತು ಲಕ್ಷ ವಿಶ್ರಾಂತ ಸಿಡಿ4 ಕೋಶಗಳಿಗೆ ಒಂದರಲ್ಲಿ, ಮತ್ತೆ ಹರಡಬಲ್ಲ ವೈರಸ್ ಕೋಶದ ಡಿಎನ್‌ಎಯೊಳಗೆ ಸೇರಿಕೊಂಡು ಸುಮ್ಮನಿರುತ್ತದೆ. ಕೋಶವನ್ನು ಎಬ್ಬಿಸಿದಾಗ ಒಳಗಿನ ವೈರಸ್ಸೂ ಏಳಬಹುದು. ಆದ್ದರಿಂದ ಕೋಶ ಬೆಳೆಸುವುದೇ ಗುರಿಯಾದರೆ ಕೃಷಿಯ ದ್ರವಕ್ಕೂ ಎಚ್‌ಐವಿ ಔಷಧಿಗಳನ್ನು ಬೆರೆಸುತ್ತೇವೆ. ಅಡಗಿದ ವೈರಸ್ಸನ್ನು ಅಳೆಯುವುದು ಗುರಿಯಾದರೆ ಔಷಧಿಯಿಲ್ಲದೆ ಎರಡು-ಮೂರು ವಾರ ಕಾದು ವೈರಸ್ಸಿನದೇ ಭಾಗವಾದ ಪಿ24 ಪ್ರೋಟೀನ್ ಕಾಣಿಸಿಕೊಳ್ಳುವುದೇ ಎಂದು ನೋಡುತ್ತೇವೆ. ಅಣ್ಣನ ರಕ್ತ ಯಾವುದಕ್ಕೆಂದು ಕೇಳಿ ತಿಳಿದುಕೊಳ್ಳಿ. ಇಂತಹ ಅಧ್ಯಯನಗಳಲ್ಲಿ ಹೆಚ್ಚಿನವು ಅಮೆರಿಕ, ಯುರೋಪಿನಲ್ಲಿ ಕಾಣುವ ಎಚ್‌ಐವಿಯ ಬಿ ಉಪವಿಧದ ಮೇಲೆ ನಡೆದಿವೆ, ನಮ್ಮಲ್ಲಿ ಪ್ರಧಾನವಾಗಿರುವುದು ಸಿ ಉಪವಿಧ. ಹಾಗಾಗಿ ಇಲ್ಲಿನವರು ಕೊಡುವ ರಕ್ತಕ್ಕೆ ಬೇರೆಯದೇ ಬೆಲೆಯಿದೆಯೆಂದು ನಾನು ನಂಬಿದ್ದೇನೆ.

ಉತ್ತರ 2 (ಮಾಟುಂಗಾ, ಮುಂಬೈ)

ಮರಳಿ ಕೊಡುವ ಪ್ರಯೋಗಗಳು ಬೇರೆಯೇ ಬಗೆಯವು. 2014ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 12 ಜನರ ಸಿಡಿ4 ಕೋಶಗಳನ್ನು ಹೊರತೆಗೆದು, ವೈರಸ್ ಒಳನುಗ್ಗಲು ಬಳಸುವ ಸಿಸಿಆರ್5 ಬಾಗಿಲಿನ ಜೀನನ್ನು ಅವುಗಳ ಒಂದು ಭಾಗದಲ್ಲಿ ತುಂಡರಿಸಿ, ಬೆಳೆಸಿ, ಅವರವರಿಗೇ ಮರಳಿಸಿದರು. ಕೆಲವರು ಮೇಲ್ವಿಚಾರಣೆಯಲ್ಲಿ ಮಾತ್ರೆ ನಿಲ್ಲಿಸಿದಾಗ ವೈರಸ್ ಮತ್ತೆ ಕಾಣಿಸಿಕೊಂಡಿತು. ಆದರೂ ತಿದ್ದಿದ ಕೋಶಗಳು ತಿದ್ದದವುಗಳಿಗಿಂತ ನಿಧಾನವಾಗಿ ಕಡಿಮೆಯಾದವು. ನಿಮ್ಮ ಅಣ್ಣನಿಂದ ಕೇಳಿರುವುದು ರಕ್ತದ ಮಾದರಿ ಮಾತ್ರ ಎನಿಸುತ್ತದೆ. ಏನೇ ಆದರೂ ಅವರು ಒಂದು ದಿನವೂ ಮಾತ್ರೆ ತಪ್ಪಿಸಬಾರದು.

ಹೆಸರಿನ ವಿಷಯದಲ್ಲಿ, 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್‌ಐವಿ-ಏಡ್ಸ್ ಕಾಯ್ದೆಯ ಪ್ರಕಾರ ಸಂಶೋಧನೆಗೆ ತಿಳಿವಳಿಕೆಯ ಒಪ್ಪಿಗೆ ಕಡ್ಡಾಯ, ಗೋಪ್ಯತೆಗೂ ರಕ್ಷಣೆಯಿದೆ. ಪತ್ರ ಮರಾಠಿಯಲ್ಲಿದ್ದು ಅರ್ಥವಾಗದಿದ್ದರೆ, ಅರ್ಥವಾಗುವ ಭಾಷೆಯಲ್ಲಿ ವಿವರಿಸುವವರೆಗೂ ಸಹಿ ಹಾಕಬೇಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಅಣ್ಣನಿಗೆ ಎಲ್ಲವನ್ನೂ ಓದಿ ಹೇಳಿದೆ. ಉಳಿದ ಕೋಶಗಳನ್ನು ದ್ರವ ಸಾರಜನಕದಲ್ಲಿ ಎಷ್ಟು ಕಾಲ ಇಡುತ್ತಾರೆ, ಮುಂದೆ ಬೇಡವೆಂದರೆ ಅವುಗಳನ್ನು ನಾಶಪಡಿಸುತ್ತಾರೆಯೇ ಎಂದು ಕೇಳಿಕೊಂಡು ಬರಲು ಮಂಗಳವಾರ ಇಬ್ಬರೂ ಹೋಗುತ್ತಿದ್ದೇವೆ.