ಸುಹಾಸನ ದೋಹಾ ಕೆಲಸದ ಬಗ್ಗೆ ಮಾವನ ಉದ್ದ ವಾಯ್ಸ್

ಎಲ್ಲರಿಗೂ ನಮಸ್ಕಾರ. ಟೈಪ್ ಮಾಡುತ್ತಾ ಕೂತರೆ ರಾತ್ರಿ ಆಗುತ್ತದೆ, ಅದಕ್ಕೇ ವಾಯ್ಸ್ ಹಾಕುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ. ಅಡಿಕೆ ಸುಲಿಯುತ್ತಾ ಕೂತವರು ಆರಾಮಾಗಿ ಕೇಳಿ.

ಬೆಳಗ್ಗೆ ಸುಹಾಸ ಹಾಕಿದ್ದನ್ನು ನೋಡದವರಿಗೆ ಮೊದಲು ವಿಷಯ ಹೇಳಿಬಿಡುತ್ತೇನೆ. ಅವನಿಗೆ ಕತಾರ್ ದೇಶದ ದೋಹಾದಲ್ಲಿ ಎಸಿ ಟೆಕ್ನಿಷಿಯನ್ ಕೆಲಸ ಇದೆ ಎಂದು ಒಬ್ಬ ಏಜೆಂಟ್ ಹೇಳಿದ್ದಾನೆ. ತಿಂಗಳಿಗೆ 1800 ರಿಯಾಲ್ ಅಂತೆ. ಏಜೆಂಟಿಗೆ 1,40,000 ರೂಪಾಯಿ ಕೊಡಬೇಕು. ಅದರಲ್ಲಿ ಅರ್ಧ ದುಡ್ಡು ಮತ್ತು ಪಾಸ್‌ಪೋರ್ಟ್ ಸೋಮವಾರವೇ ಬೇಕಂತೆ. ಮೊದಲು ವಿಸಿಟ್ ವೀಸಾದಲ್ಲಿ ಹೋಗುವುದು, ಆಮೇಲೆ ಅಲ್ಲಿಯೇ ಕೆಲಸದ ವೀಸಾ ಮಾಡಿಸಿಕೊಡುತ್ತಾರಂತೆ. ಇದಕ್ಕೆ ಭಾವ "ಗಲ್ಫ್ ಅಂದರೆ ಗುಲಾಮಗಿರಿ, ಬೇಡ" ಎಂದು ಬರೆದಿದ್ದಾರೆ. ಗಣಪಣ್ಣ "ಹೋಗಲಿ ಬಿಡಿ, ಮಾಚೇನಹಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕಂಟ್ರಾಕ್ಟರ್ ಕೈಕೆಳಗೆ ಎಷ್ಟು ವರ್ಷ ಇರೋದು" ಅಂದಿದ್ದಾರೆ. ಅಕ್ಕ ಏನೂ ಬರೆಯದೆ ಕೈಮುಗಿಯುವ ಚಿತ್ರ ಹಾಕಿದ್ದಾಳೆ.

ಸುಹಾಸ, ನಾನು ಹೇಳುವುದಾದರೆ ಹೋಗು ಮಾರಾಯ. ಆದರೆ ಈ ಏಜೆಂಟಿನ ಕೈಯಿಂದ ಬೇಡ, ಈ ವೀಸಾದಲ್ಲಂತೂ ಬೇಡವೇ ಬೇಡ.

ಮಧ್ಯಾಹ್ನದಿಂದ ಎಲ್ಲರೂ ಸಂಬಳದ ಮೇಲೆ ವಾದ ಮಾಡುತ್ತಿದ್ದೀರಿ. 1800 ಸಾಕಾ, ಉಳಿಯುತ್ತದಾ ಅಂತ. ನಾನು ಮೊದಲು ನೋಡುವುದು ಅದನ್ನಲ್ಲ. ಅಲ್ಲಿ ಸರಿ ಹೋಗದಿದ್ದರೆ ಬಿಟ್ಟು ಬೇರೆ ಕಂಪನಿಗೆ ಹೋಗಲು ಇವನಿಗೆ ಆಗುತ್ತದಾ? ಇದೊಂದು ಗೊತ್ತಾದರೆ ಸಾಕು, ಸಂಬಳ ಸಮಯಕ್ಕೆ ಬರುತ್ತದಾ, ರಜೆ ಸಿಗುತ್ತದಾ, ಸೂಪರ್‌ವೈಸರ್ ಹೇಗೆ ಮಾತಾಡುತ್ತಾನೆ ಎಲ್ಲ ಮುಕ್ಕಾಲು ಪಾಲು ಗೊತ್ತಾದ ಹಾಗೆ.

ನಂಬಿಕೆ ಇಲ್ಲದಿದ್ದರೆ ಅಡಿಕೆ ಮರ ಹತ್ತುವ ನಮ್ಮ ಕೊನೆಗಾರನನ್ನೇ ನೋಡಿ. ಮಳೆಗಾಲದಲ್ಲಿ ಔಷಧಿ ಹೊಡೆಯುವ ಹೊತ್ತಿಗೆ ಗಣಪಣ್ಣ ಅವನಿಗೆ ಎಷ್ಟು ಮರ್ಯಾದೆಯಿಂದ ಫೋನ್ ಮಾಡುತ್ತಾರೆ, ಕೇಳಿದ್ದೀರಲ್ಲ? ತಿಂಡಿ ಏನು ಮಾಡಲಿ ಅಂತಲೂ ಕೇಳುತ್ತಾರೆ. ಅವನಿಗೆ ಸಂಘ ಇಲ್ಲ, ಕರಾರು ಪತ್ರ ಇಲ್ಲ. ಆದರೆ ಇಲ್ಲಿ ಬೇಡ ಎಂದರೆ ನಾಳೆ ಬೆಳಗ್ಗೆ ಹೋಗಲು ಹತ್ತು ತೋಟ ಇದೆ. ಮರ ಹತ್ತುವವರು ಕಡಿಮೆ, ಮರ ಜಾಸ್ತಿ. ಅದೇ ಚಿಕ್ಕಮಗಳೂರು ಕಡೆ ಎಸ್ಟೇಟಿಗೆ ದೂರದ ರಾಜ್ಯದಿಂದ ಬರುವವರಲ್ಲಿ ಮೊದಲೇ ಅಡ್ವಾನ್ಸ್ ತೆಗೆದುಕೊಂಡು ಬಂದವರನ್ನು ನೋಡಿ. ಅಲ್ಲಿಯೂ ಕೈ ಕಡಿಮೆ, ಕೆಲಸ ಜಾಸ್ತಿ. ಆದರೂ ಅವರು ದರ ಕೇಳುವ ಹಾಗಿಲ್ಲ. ಅಡ್ವಾನ್ಸ್ ತೀರುವ ತನಕ ಎಸ್ಟೇಟಿನವರು ಕೊಟ್ಟ ಲೈನ್ ಮನೆ ಬಿಟ್ಟು ಹೋಗುವ ಹಾಗಿಲ್ಲವಲ್ಲ.

ಈಗ ದೋಹಾಕ್ಕೆ ಬರುತ್ತೇನೆ. ನಾನು ಅಲ್ಲಿದ್ದಾಗ ಕಂಪನಿಯ ಕ್ಯಾಂಪಿನಲ್ಲಿ ಕೆಲಸದ ಗಂಟೆ ಬರೆದಿಡುವ ಟೈಮ್‌ಕೀಪರ್ ಆಗಿದ್ದೆ ಎಂದು ಹಳಬರಿಗೆ ಗೊತ್ತು. ಆಗ ಕಫಾಲಾ, ಅಂದರೆ ಕೆಲಸಗಾರನನ್ನು ಮಾಲೀಕನಿಗೆ ಕಟ್ಟಿಹಾಕುವ ಪದ್ಧತಿ, ಪೂರ್ತಿ ಜೋರಲ್ಲಿತ್ತು. ವೀಸಾ ಕೊಟ್ಟ ಮಾಲೀಕನೇ ಕಫೀಲ್. ಅವನು ಎನ್‌ಒಸಿ, ಅಂದರೆ ತನ್ನ ಆಕ್ಷೇಪಣೆ ಇಲ್ಲ ಎಂಬ ಪತ್ರ, ಕೊಡದೆ ಬೇರೆ ಕಡೆ ಸೇರುವಂತಿಲ್ಲ. ದೇಶ ಬಿಟ್ಟು ಬರಲೂ ಅವನು ಪರ್ಮಿಟ್ ಕೊಡಬೇಕು. ನನ್ನ ಪಾಸ್‌ಪೋರ್ಟ್ ಆಫೀಸಿನ ಬೀರುವಿನಲ್ಲೇ ಇತ್ತು. ಇನ್ನೊಂದು ಕಡೆ ಹೆಚ್ಚು ಸಂಬಳಕ್ಕೆ ಕರೆದರು, ನಮ್ಮ ಮ್ಯಾನೇಜರ್ ಎನ್‌ಒಸಿ ಇಲ್ಲ ಎಂದ. ಜಗಳ ಇಲ್ಲ, ಬೈಗುಳ ಇಲ್ಲ. ನಗುತ್ತಾ ಟೀ ಕೊಟ್ಟೇ ಇಲ್ಲ ಎಂದ. ಹಾಗೇ ಬಿಟ್ಟು ಊರಿಗೆ ಬಂದರೆ ಎರಡು ವರ್ಷ ಆ ದೇಶಕ್ಕೆ ಕೆಲಸಕ್ಕೆ ವಾಪಸ್ ಹೋಗುವಂತಿರಲಿಲ್ಲ. ಅವನಿಗೆ ನನ್ನ ಸಂಬಳ ಏರಿಸುವ ಅವಶ್ಯಕತೆಯಾದರೂ ಏನಿತ್ತು ಹೇಳಿ?

ಭಾವ, ನಿಮ್ಮ ಗುಲಾಮಗಿರಿ ಮಾತು ಆ ಕಾಲಕ್ಕೆ ಹತ್ತಿರವೇ ಇತ್ತು. ಈಗ ಕತಾರಿನಲ್ಲಿ ಕಾನೂನು ಬದಲಾಗಿದೆ. ಫುಟ್‌ಬಾಲ್ ವಿಶ್ವಕಪ್ ಬರುತ್ತದೆ ಎಂದು ಇಡೀ ಜಗತ್ತು ನೋಡುತ್ತಿತ್ತು, ಒತ್ತಡವೂ ಬಿತ್ತು. 2020ರಲ್ಲಿ ಎನ್‌ಒಸಿ ತೆಗೆದರು. ಎರಡು ವರ್ಷದ ಒಳಗೆ ಕೆಲಸ ಬಿಡುವುದಾದರೆ ಒಂದು ತಿಂಗಳು, ಅದಕ್ಕಿಂತ ಜಾಸ್ತಿ ಆಗಿದ್ದರೆ ಎರಡು ತಿಂಗಳು ಮೊದಲೇ ತಿಳಿಸಬೇಕು ಅಷ್ಟೆ. 2021ರ ಮಾರ್ಚ್‌ನಿಂದ ಕನಿಷ್ಠ ವೇತನ 1000 ರಿಯಾಲ್. ಕಂಪನಿ ಊಟ ಕೊಡದಿದ್ದರೆ ಮೇಲೆ 300, ವಸತಿ ಕೊಡದಿದ್ದರೆ 500. ಪಾಸ್‌ಪೋರ್ಟ್ ಇಟ್ಟುಕೊಂಡರೆ ಕಂಪನಿಗೆ ದಂಡ. ಸಂಬಳ ಬ್ಯಾಂಕಿಗೇ ಬರಬೇಕು. ಜೂನ್ 1ರಿಂದ ಸೆಪ್ಟೆಂಬರ್ 15ರ ತನಕ ಬೆಳಗ್ಗೆ 10ರಿಂದ ಮಧ್ಯಾಹ್ನ 3:30ರ ತನಕ ಬಿಸಿಲಲ್ಲಿ ಕೆಲಸ ಮಾಡಿಸುವ ಹಾಗಿಲ್ಲ. ಎಸಿಯವರು ಟೆರೇಸಿನ ಮೇಲೇ ಇರುವುದು, ಸುಹಾಸ ಇದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಬೇಕು.

ಎಲ್ಲ ಸರಿ ಹೋಯಿತು ಅಂತಲ್ಲ. ಕೆಲಸಗಾರ "ಓಡಿಹೋದ" ಎಂದು ದೂರು ಕೊಡುವ ಅಧಿಕಾರ ಮಾಲೀಕನಿಗೆ ಇನ್ನೂ ಇದೆ. ಹೊರಗಿನಿಂದ ಹೋದವರು ಅಲ್ಲಿ ಸಂಘ ಕಟ್ಟುವಂತಿಲ್ಲ. ಪಕ್ಕದ ದೇಶಗಳ ಕಾನೂನೂ ಇದೇ ಅಂದುಕೊಳ್ಳಬೇಡಿ. 2024ರ ಜೂನ್‌ನಲ್ಲಿ ಕುವೈತಿನ ಮಂಗಾಫ್‌ನಲ್ಲಿ ಕೆಲಸಗಾರರ ಕಟ್ಟಡಕ್ಕೆ ಬೆಂಕಿ ಬಿದ್ದು ನಮ್ಮವರೇ 45 ಜನ ಹೋದರು. ರೂಮ್ ಎಲ್ಲಿ, ಎಷ್ಟು ಜನ, ಅದನ್ನೂ ಕೇಳು. ನಾಚಿಕೆ ಬೇಡ.

ಒಂದು ಮಾತು, ಯಾರೂ ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಮನೆಯಲ್ಲಿ ಗಲ್ಫ್ ಎಂದರೆ ಅಯ್ಯೋ ಪಾಪ, ಅಮೆರಿಕ ಎಂದರೆ ಹೋಳಿಗೆ ಊಟ. ಡಾಲಸ್‌ನ ಪ್ರವೀಣ ಈ ಗ್ರೂಪಿನಲ್ಲೇ ಇದ್ದಾನೆ, ಅವನನ್ನೇ ಕೇಳಿ. ಅಮೆರಿಕದ ಎಚ್-1ಬಿ ಕೆಲಸದ ವೀಸಾದಲ್ಲಿ ಕೆಲಸ ಹೋದರೆ 60 ದಿನ. ಅಷ್ಟರಲ್ಲಿ ಇನ್ನೊಂದು ಕಂಪನಿ ಇವನ ಹೆಸರಲ್ಲಿ ಅರ್ಜಿ ಹಾಕಬೇಕು, ಇಲ್ಲವಾದರೆ ಗಂಟುಮೂಟೆ ಕಟ್ಟಬೇಕು. ಮನೆ ಸಾಲ ಇರಲಿ, ಮಕ್ಕಳ ಸ್ಕೂಲ್ ಇರಲಿ. ಆ ಭಯ ಇರುವವನು ಬಾಸ್ ಹತ್ತಿರ ಎಷ್ಟು ಗಟ್ಟಿಯಾಗಿ ಮಾತಾಡಿಯಾನು? ಕೆನಡಾದಲ್ಲಿ ತೋಟದ ಕೆಲಸಕ್ಕೆ ಹೋಗುವವರ ಪರ್ಮಿಟ್ ಒಬ್ಬನೇ ಮಾಲೀಕನ ಹೆಸರಿಗೆ ಇರುತ್ತದೆ. 2023ರಲ್ಲಿ ವಿಶ್ವಸಂಸ್ಥೆಯ ತಜ್ಞ ತೊಮೊಯಾ ಒಬೊಕಟಾ ಹೋಗಿ ನೋಡಿ, ಇದು ಈ ಕಾಲದ ಗುಲಾಮಗಿರಿ ಬೆಳೆಯುವ ಜಾಗ ಎಂದೇ ಹೇಳಿದರು. ಕೆನಡಾದ ಬಗ್ಗೆ! ದೇಶ ಶ್ರೀಮಂತವಾ, ಬಡವಾ ಎಂದು ನೋಡಿದರೆ ಸಾಲದು. ವೀಸಾ ಯಾರ ಕೈಯಲ್ಲಿದೆ ನೋಡಬೇಕು.

ಇನ್ನು ಆ 1,40,000. ನನಗೆ ಸಿಟ್ಟು ಬಂದಿದ್ದೇ ಇದಕ್ಕೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1997ರ ಒಂದು ಒಪ್ಪಂದ ಇದೆ. ಅದರ ಪ್ರಕಾರ ಕೆಲಸ ಹುಡುಕಿಕೊಡುವ ಏಜೆನ್ಸಿ ಕೆಲಸಗಾರನ ಹತ್ತಿರ ದುಡ್ಡು ತೆಗೆದುಕೊಳ್ಳುವಂತಿಲ್ಲ, ಕೊಡುವುದಿದ್ದರೆ ಕಂಪನಿ ಕೊಡಬೇಕು. ಭಾರತ ಅದನ್ನು ಒಪ್ಪಿಕೊಂಡಿಲ್ಲ. ನಮ್ಮ ನಿಯಮದಲ್ಲಿ ನೋಂದಾಯಿತ ಏಜೆಂಟ್ 30,000 ಮತ್ತು ಅದರ ಮೇಲೆ ಜಿಎಸ್‌ಟಿ ತೆಗೆದುಕೊಳ್ಳಬಹುದು. 35,400 ಆಯಿತು. ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ಕೇಳಿದರೂ ತಪ್ಪು, ರಸೀದಿ ಕೊಡದಿದ್ದರೂ ತಪ್ಪು. 1,40,000 ಎಂದರೆ ಸುಮಾರು 6000 ರಿಯಾಲ್, ಮೂರು ತಿಂಗಳಿಗೂ ಮೀರಿದ ಪೂರ್ತಿ ಸಂಬಳ. ಅಕ್ಕನ ಬಳೆ ಅಡ ಇಟ್ಟು ಹೋದವನಿಗೆ ಕತಾರಿನ ಹೊಸ ಕಾನೂನು ಇದ್ದೂ ಇಲ್ಲದ ಹಾಗೆ. ಎಷ್ಟೇ ಹಿಂಸೆ ಆದರೂ ಬಡ್ಡಿ ಕಟ್ಟಲು ಅಲ್ಲೇ ಕೂರುತ್ತಾನೆ. ಎಸ್ಟೇಟಿನ ಅಡ್ವಾನ್ಸ್ ಎಂದೆನಲ್ಲ, ಇದು ಅದೇ.

ವಿಸಿಟ್ ವೀಸಾದ ವಿಷಯಕ್ಕೆ ಬರೋಣ. ಕತಾರಿನ ಕೆಲಸದ ವೀಸಾಕ್ಕೆ ಭಾರತದಲ್ಲೇ ಕತಾರ್ ವೀಸಾ ಸೆಂಟರ್ ಇದೆ. ಕೊಚ್ಚಿ, ಚೆನ್ನೈ, ಹೈದರಾಬಾದ್‌ನಲ್ಲಿ ಇದೆ, ನಮಗೆ ಅದೇ ಹತ್ತಿರ. ಬೆರಳಚ್ಚು, ಮೆಡಿಕಲ್ ಎಲ್ಲ ಅಲ್ಲೇ. ಮುಖ್ಯ ಏನೆಂದರೆ ಕರಾರನ್ನು ಅಲ್ಲಿ ತೋರಿಸಿ, ಓದಲು ಕೊಟ್ಟು, ಸಹಿ ಹಾಕಿಸುತ್ತಾರೆ. ವಿಮಾನ ಹತ್ತುವ ಮೊದಲೇ ಸಂಬಳ ಎಷ್ಟು ಎಂದು ಕಾಗದದ ಮೇಲೆ ಇರುತ್ತದೆ. ವಿಸಿಟ್ ವೀಸಾದಲ್ಲಿ ಹೋದರೆ ಇದು ಯಾವುದೂ ಇಲ್ಲ. ಇಳಿದ ಮೇಲೆ ಇನ್ನೊಂದು ಕಾಗದ ಮುಂದಿಡುತ್ತಾರೆ, 1800 ಹೋಗಿ 1100 ಆಗಿರುತ್ತದೆ. ಆಗ ಏನು ಮಾಡುತ್ತೀಯಾ? ನಮ್ಮ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತಾಗ ಜಗಳ ಇದ್ದದ್ದು ಗೇಣಿ ಅಳೆಯುವ ಕೊಳಗದ ಗಾತ್ರದ ಮೇಲೆಯೇ ಅಲ್ವಾ? ಒಪ್ಪಿದ್ದು ಒಂದು, ಅಳೆದದ್ದು ಇನ್ನೊಂದು. ಆ ಜನ ಕಡೆಗೂ ಒಟ್ಟಿಗೆ ನಿಂತರು, ಸಮಾಜವಾದಿ ನಾಯಕ ಲೋಹಿಯಾ ಬಂದು ಜೈಲಿಗೂ ಹೋದರು. ದೋಹಾದ ಏರ್‌ಪೋರ್ಟಿನಲ್ಲಿ ನೀನು ಒಬ್ಬನೇ ಇರುತ್ತೀಯಾ.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಹತ್ತನೇ ಕ್ಲಾಸ್ ಪಾಸಾದವರ ಪಾಸ್‌ಪೋರ್ಟಿಗೆ ಎಮಿಗ್ರೇಷನ್ ಕ್ಲಿಯರೆನ್ಸ್, ಅಂದರೆ ಹೊರದೇಶಕ್ಕೆ ಕೆಲಸಕ್ಕೆ ಹೋಗಲು ನಮ್ಮ ಸರ್ಕಾರದ ಅನುಮತಿ, ಬೇಕಿಲ್ಲ. ಎಲ್ಲರೂ ಅದನ್ನು ದೊಡ್ಡ ಅನುಕೂಲ ಅಂದುಕೊಂಡಿದ್ದಾರೆ. ಆದರೆ ಹತ್ತನೇ ಓದದವನು ಗಲ್ಫ್‌ಗೆ ಹೋಗುವಾಗ ಅವನ ಕರಾರನ್ನು ನಮ್ಮ ಸರ್ಕಾರದವರು ಇ-ಮೈಗ್ರೇಟ್ ಎಂಬ ತಮ್ಮ ವೆಬ್‌ಸೈಟಿನಲ್ಲಿ ನೋಡಿಯೇ ಕಳಿಸುತ್ತಾರೆ. ನೀನು ಐಟಿಐ ಮಾಡಿದವನು, ನಿನ್ನದನ್ನು ಯಾರೂ ಕಡ್ಡಾಯವಾಗಿ ನೋಡುವುದಿಲ್ಲ. ಓದಿದ್ದೀಯಾ, ನೀನೇ ನೋಡಿಕೋ ಎಂದ ಹಾಗೆ. ಆದ್ದರಿಂದಲೇ ಓದಿದ ಹುಡುಗರನ್ನು ಏಜೆಂಟರು ಹೀಗೆ ಸುಲಭವಾಗಿ ವಿಸಿಟ್ ವೀಸಾದಲ್ಲಿ ಹತ್ತಿಸಿ ಕಳಿಸುವುದು.

ಕರಾರಿನಲ್ಲಿ ಬೇಸಿಕ್, ಅಂದರೆ ಮೂಲ ಸಂಬಳ, ಎಷ್ಟು ಎಂದು ನೋಡು. ಟೈಮ್‌ಕೀಪರ್ ಆಗಿದ್ದವನ ಮಾತು ಇದು. 1800ರಲ್ಲಿ 1000 ಬೇಸಿಕ್, ಉಳಿದದ್ದು ಅಲೋವೆನ್ಸ್ ಎಂದು ಇಟ್ಟಿರುತ್ತಾರೆ. ಓಟಿ, ಅಂದರೆ ಹೆಚ್ಚುವರಿ ಗಂಟೆಯ ದುಡ್ಡಿನ ಲೆಕ್ಕ, ಬೇಸಿಕ್ ಮೇಲೆ. ತಿಂಗಳಿಗೆ 30 ದಿನ, ದಿನಕ್ಕೆ 8 ಗಂಟೆ ಎಂದು ಭಾಗಿಸಿ, ಅದಕ್ಕೆ ಕಾಲು ಭಾಗ ಸೇರಿಸಿದರೆ ಗಂಟೆಗೆ 5 ರಿಯಾಲ್ ಚಿಲ್ಲರೆ. ಬೇಸಿಕ್ 1500 ಆಗಿದ್ದರೆ 8ರ ಹತ್ತಿರ ಬರುತ್ತದೆ. ಬಿಡುವಾಗ ಸಿಗುವ ಗ್ರಾಚ್ಯುಟಿಯೂ ಬೇಸಿಕ್ ಮೇಲೆಯೇ, ವರ್ಷಕ್ಕೆ ಕನಿಷ್ಠ ಮೂರು ವಾರದ್ದು. ಸೇರಿದ ದಿನದಿಂದ ಗಂಟೆಗಳನ್ನು ನೀನೇ ಒಂದು ಪುಸ್ತಕದಲ್ಲಿ ಬರೆದಿಡು, ಫೋಟೋ ತೆಗೆದು ಈ ಗ್ರೂಪಿಗೇ ಹಾಕು ಬೇಕಾದರೆ. ಕಂಪನಿಯ ಶೀಟಿನಲ್ಲಿ ಗಂಟೆ ಹೇಗೆ ಕರಗುತ್ತದೆ ಎಂದು ನಾನು ಕಣ್ಣಾರೆ ನೋಡಿದ್ದೇನೆ.

ಗಣಪಣ್ಣ, ಮಾಚೇನಹಳ್ಳಿ ಬಗ್ಗೆ ನೀವು ಹೇಳಿದ್ದು ಅರ್ಧ ಸರಿ. ನಮ್ಮಲ್ಲಿ ಓಟಿಗೆ ಡಬಲ್ ಕೊಡಬೇಕು ಎಂದು 1948ರ ಫ್ಯಾಕ್ಟರಿ ಕಾಯ್ದೆಯಲ್ಲೇ ಇತ್ತು, ಕತಾರಿನದ್ದು ಕಾಲು ಭಾಗ ಮಾತ್ರ. 2025ರ ನವೆಂಬರ್ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆ ಬಂದಿವೆ, ಎಲ್ಲರಿಗೂ ನೇಮಕಾತಿ ಪತ್ರ ಕೊಡಲೇಬೇಕು. ಸುಹಾಸ, ನಿನಗೆ ಕೊಟ್ಟಿದ್ದಾರಾ? ಕೊಡದಿದ್ದರೆ ಕೇಳಿ ತೆಗೆದುಕೋ. ಬಿಡುವ ಮೊದಲು ಅನುಭವದ ಪತ್ರ, ಪಿಎಫ್ ನಂಬರ್ ಎರಡೂ ಕೈಯಲ್ಲಿರಲಿ. ಅನುಭವದ ಕಾಗದ ಇದ್ದರೆ ಸಂಬಳ ಕೇಳುವಾಗ ಬಾಯಿ ಬರುತ್ತದೆ.

ಆದ್ದರಿಂದ ಸೋಮವಾರ ಪಾಸ್‌ಪೋರ್ಟ್ ಕೊಡಬೇಡ, ದುಡ್ಡೂ ಕೊಡಬೇಡ. ಏಜೆಂಟಿಗೆ ಇವತ್ತೇ ಮೆಸೇಜ್ ಹಾಕು. ಲೈಸೆನ್ಸ್ ನಂಬರ್, ಕಂಪನಿ ಹೆಸರು, ಬೇಸಿಕ್ ಎಷ್ಟು, ವೀಸಾ ಸೆಂಟರಿಗೆ ಯಾವತ್ತು ಹೋಗಬೇಕು, ಈ ನಾಲ್ಕು ಕೇಳು. ಫೋನಲ್ಲಿ ಬೇಡ, ಬರೆದೇ ಕೇಳು. ಉತ್ತರ ಬಂದರೆ ನನಗೆ ಕಳಿಸು, ಲೈಸೆನ್ಸ್ ನಂಬರ್ ಇ-ಮೈಗ್ರೇಟ್‌ನಲ್ಲಿ ನಾನೇ ಹುಡುಕಿ ನೋಡುತ್ತೇನೆ. "ಅರ್ಜೆಂಟ್, ಸೀಟು ಹೋಗುತ್ತದೆ" ಎಂದರೆ ಹೋಗಲಿ ಎನ್ನು. ಎಸಿ ರಿಪೇರಿ ಗೊತ್ತಿರುವವನಿಗೆ ಗಲ್ಫ್‌ನಲ್ಲಿ ಯಾವ ಕಾಲದಲ್ಲೂ ಕೆಲಸ ಇದೆ. ಅಕ್ಕ, ನೀನು ಬಳೆ ಮಾತ್ರ ಬೀರುವಿನಿಂದ ತೆಗೆಯಬೇಡ. ಭಾವ ಫೋನ್ ಎತ್ತುತ್ತಿಲ್ಲ, ಸಂಜೆ ತೋಟದಿಂದ ಬಂದ ಮೇಲೆ ಒಂದು ಸಲ ಮಾತಾಡಲು ಹೇಳು.