ಜರ್ಮನ್ನಿನ ‘ಟಿಯರ್’, ಇಂಗ್ಲಿಷಿನ ‘ಡಿಯರ್’: ಇವು ನೆಂಟರೇ?

ವಿರಾಜಪೇಟೆ ನರ್ಸ್: ಜರ್ಮನಿಯಲ್ಲಿ ಕೆಲಸಕ್ಕೆಂದು ಜರ್ಮನ್ ಭಾಷೆಯ ಬಿ1 ಹಂತದ ಪರೀಕ್ಷೆಗೆ ಓದುತ್ತಿದ್ದೇನೆ. ಅಲ್ಲಿ ನಾಯಿ, ದನ, ಆನೆ ಎಲ್ಲವೂ ‘ಟಿಯರ್’. ಕೇಳಲು ಇಂಗ್ಲಿಷಿನ ಡಿಯರ್ (ಜಿಂಕೆ) ಇದ್ದ ಹಾಗೇ ಇದೆ. ಆದರೆ ಜಿಂಕೆ ಜಾತಿಗೆ ಹಿರ್ಷ್, ರೇ ಅಂತ ಬೇರೆ ಪದಗಳಿವೆ. ಸಂಬಂಧ ಇದೆಯಾ, ಬರೀ ಕಾಕತಾಳೀಯವಾ?

ಗೋಣಿಕೊಪ್ಪದ ಮೇಷ್ಟ್ರು: ಒಂದೇ ಬೇರು, ಮಗಳೇ. ಇಂಗ್ಲಿಷಿನ ‘ಡ’ ಜರ್ಮನ್ನಿನಲ್ಲಿ ‘ಟ’ ಆಗುವುದನ್ನು ನೀನೇ ನೋಡಿರುತ್ತೀಯ: ಡೇ–ಟಾಗ್, ಡೋರ್–ಟ್ಯೂರ್, ಡಾಟರ್–ಟಾಖ್ಟರ್. ಡಚ್ಚರ ‘ಡೀರ್’, ಡೇನರ ‘ಡ್ಯೂರ್’, ಸ್ವೀಡನ್ನಿನವರ ‘ಯೂರ್’ ಎಲ್ಲಕ್ಕೂ ಪ್ರಾಣಿ ಎಂದೇ ಅರ್ಥ. ದಾರಿ ಬದಲಿಸಿದ್ದು ಇಂಗ್ಲಿಷ್ ಒಂದೇ. ಹಳೆಯ ಇಂಗ್ಲಿಷಿನಲ್ಲಿ ‘ದೇಓರ್’ ಅಂದರೆ ಯಾವ ಕಾಡುಪ್ರಾಣಿಯಾದರೂ ಸರಿ. 1066ರಲ್ಲಿ ಫ್ರಾನ್ಸಿನ ಕಡೆಯ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚಿನ ‘ಬೀಸ್ಟ್’ ಬಂತು, ಆಮೇಲೆ ಲ್ಯಾಟಿನ್ನಿನ ‘ಅನಿಮಲ್’. ಹಳೆಯ ಪದಕ್ಕೆ ಉಳಿದದ್ದು ಬೇಟೆಯವರು ಹೆಚ್ಚು ಬೆನ್ನಟ್ಟುತ್ತಿದ್ದ ಆ ಒಂದು ಪ್ರಾಣಿ ಮಾತ್ರ. ನನಗೆ ತುಂಬ ಇಷ್ಟವಾದದ್ದು ‘ವಿಲ್ಡರ್‌ನೆಸ್’. ಅದರೊಳಗೆ ಹಳೆಯ ‘ದೇಓರ್’ ಇನ್ನೂ ಕೂತಿದೆ. ಕಾಡುಪ್ರಾಣಿಗಳಿರುವ ಜಾಗ ಅಂತ. ಬರ್ಲಿನ್ನಿಗೆ ಹೋದರೆ ಟಿಯರ್‌ಗಾರ್ಟನ್ ಪಾರ್ಕ್ ತಪ್ಪದೆ ನೋಡು. ಈಗ ಜನ ವಾಯುವಿಹಾರ ಮಾಡುವ ಅದು ಒಂದು ಕಾಲಕ್ಕೆ ಆಳುವವರ ಬೇಟೆಕಾಡು.

ಕುಟ್ಟದಿಂದ: ಮೇಷ್ಟ್ರೇ, ನಮ್ಮ ‘ಮೃಗ’ವೂ ಹೀಗೇ ಅಲ್ಲವೇ? ಗಡಿ ದಾಟಿ ಕೇರಳದ ತೋಲ್ಪೆಟ್ಟಿಗೆ ಹೋದರೆ ಮಲಯಾಳದಲ್ಲಿ ಮೃಗಂ ಅಂದರೆ ಪ್ರಾಣಿ. ಮೃಗಶಿರ ಮಳೆಯ ‘ಮೃಗ’ ಮಾತ್ರ ಜಿಂಕೆ.

ಗೋಣಿಕೊಪ್ಪದ ಮೇಷ್ಟ್ರು: ಸರಿಯಾಗಿ ಹಿಡಿದಿರಿ. ವೇದದ ಸಂಸ್ಕೃತದಲ್ಲಿ ಮೃಗ ಅಂದರೆ ಕಾಡುಪ್ರಾಣಿ. ಜಿಂಕೆಗೆ ಅಂಟಿಕೊಂಡದ್ದು ಮುಂದೆ. ಬೇರು ಬೇರೆ, ನಡೆದ ದಾರಿ ಒಂದೇ. ನಮ್ಮ ಮನೆಬಾಗಿಲಲ್ಲೇ ಇನ್ನೊಂದಿದೆ: ಕನ್ನಡದಲ್ಲಿ ನರಿ ಅಂದರೆ ನರಿಯೇ, ಕೊಡವರ ಭಾಷೆಯಾದ ಕೊಡವ ತಕ್ಕ್‌ನಲ್ಲಿ ಹುಲಿ. ಹುಲಿ ಕೊಂದವನಿಗೆ ಮಾಡುತ್ತಿದ್ದ ಗೌರವಕ್ಕೆ ‘ನರಿ ಮಂಗಲ’ ಎಂಬ ಹೆಸರು ಬಂದದ್ದು ಹಾಗೆ. ಇದು ಗೊತ್ತಿರುವ ಕೊಡಗಿನ ಮಕ್ಕಳಿಗೆ ಟಿಯರ್–ಡಿಯರ್ ಕಷ್ಟವಾಗಬಾರದು.

ವಿರಾಜಪೇಟೆ ನರ್ಸ್: ತುಂಬಾ ಥ್ಯಾಂಕ್ಸ್ ಸರ್. ಹಾಗಾದರೆ ಹಿಮನಾಡಿನ ಜಿಂಕೆ ರೈನ್‌ಡಿಯರ್?

ಗೋಣಿಕೊಪ್ಪದ ಮೇಷ್ಟ್ರು: ಅದು ಉತ್ತರದ ನಾರ್ಸ್ ಭಾಷೆಯಿಂದ ಬಂದದ್ದು. ಅಲ್ಲಿ ‘ಹ್ರೇನ್’ ಎಂಬುದೇ ಆ ಪ್ರಾಣಿಯ ಹೆಸರು. ಅದರ ಕೊನೆಗೆ ಸೇರಿದ ‘ಡ್ಯೂರ್’ಗೆ ಪ್ರಾಣಿ ಎಂದಷ್ಟೇ ಅರ್ಥ. ಜರ್ಮನ್ನರು ಅದನ್ನು ‘ರೆನ್‌ಟಿಯರ್’ ಅನ್ನುತ್ತಾರೆ. ಪಶುವೈದ್ಯರಿಗೆ ‘ಟಿಯರ್‌ಆರ್ಟ್ಸ್ಟ್’, ಅದನ್ನೂ ಬರೆದುಕೋ.