ಶಿವರಾತ್ರಿ ಮುಗೀತು, ಕೊತ್ತಂಬರಿ ಹೂ ಬಿಡ್ತು: ಯುಗಾದಿಯೊಳಗೆ ತಾರಸಿಯಲ್ಲಿ ಏನು ಬರುತ್ತೆ?

ತಾರಸಿ_ದಾವಣಗೆರೆ | 17 ಫೆಬ್ರುವರಿ 2026

ಊರು ದಾವಣಗೆರೆ. ಮೊದಲ ಮಹಡಿ ತಾರಸಿ, ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ನೇರ ಬಿಸಿಲು. 12 ಇಂಚಿನ ಗ್ರೋ ಬ್ಯಾಗ್ 14 ಇವೆ, ಸೊಪ್ಪಿಗೆಂದು ಎರಡಡಿ ಉದ್ದದ ಟ್ರೇ ನಾಲ್ಕು. ಹೊಲದಿಂದ ತಂದ ಎರೆಮಣ್ಣಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿದ್ದು. ಬೋರ್‌ವೆಲ್ ನೀರು. ಬ್ಯಾಗಿನ ಅಂಚಿಗೆ ಬಿಳಿ ಪುಡಿ ಕಟ್ಟುತ್ತೆ.

ಕೊತ್ತಂಬರಿ ಗೇಣುದ್ದ ಆಗುವ ಮೊದಲೇ ದಂಟು ಎತ್ತಿ ಹೂ ಬಿಟ್ಟಿದೆ. ಮೆಂತ್ಯ ಕೆಳಗಿನಿಂದ ಹಳದಿ ಆಗ್ತಾ ಬರ್ತಿದೆ. ಟೊಮೆಟೊದಲ್ಲಿ ಹೂವೇನೋ ಬರುತ್ತೆ, ಕಾಯಿ ಕಟ್ಟದೆ ತೊಟ್ಟಿನ ಸಮೇತ ಉದುರುತ್ತೆ. ಯುಗಾದಿ ಮಾರ್ಚ್ 19ಕ್ಕೆ, ಅಂದ್ರೆ ಸರಿಯಾಗಿ 30 ದಿನ. ಅಷ್ಟರಲ್ಲಿ ಹಬ್ಬದ ಅಡುಗೆಗೆ ಏನಾದರೂ ಬರುವಂಥದ್ದು ಇದೆಯಾ? ಆಮೇಲಿನ ಬಿಸಿಲಿಗೆ ಏನು ಹಾಕೋದು? ಹೂ ಬಿಟ್ಟ ಕೊತ್ತಂಬರಿ ಅಡುಗೆಗೆ ಆಗುತ್ತಾ, ಗೊಬ್ಬರದ ಗುಂಡಿಗಾ?

---

ಹರಿವೆಸೊಪ್ಪು

ಕೊತ್ತಂಬರಿ ಕಿತ್ತು ಎಸೀಬೇಡಿ ಅಕ್ಕಾ. ಹಗಲು ಉದ್ದವಾಗಿ ಬಿಸಿಲೇರಿದರೆ ಅದು ಎಲೆ ನಿಲ್ಲಿಸಿ ದಂಟು ಎತ್ತೋದೇ. ಗೊಬ್ಬರ ಹಾಕಿದರೆ ನಿಲ್ಲಲ್ಲ, ದಂಟು ಚಿವುಟಿದರೆ ಪಕ್ಕದಲ್ಲಿ ಇನ್ನೊಂದು ಬರುತ್ತೆ. ಅರ್ಧ ಕಿತ್ತು ಟ್ರೇ ಖಾಲಿ ಮಾಡಿ, ಅರ್ಧ ಹಾಗೇ ಬಿಡಿ. ಆ ಬಿಳಿ ಹೂವಿಗೆ ಜೇನು ಬರುತ್ತೆ, ಜೊತೆಗೆ ಜೇನಿನ ಹಾಗೇ ಪಟ್ಟೆ ಇರುವ ಒಂದು ನೊಣವೂ ಬರುತ್ತೆ. ಅದರ ಮರಿಹುಳು ಗಿಡದ ಹೇನು ತಿನ್ನುತ್ತೆ, ಬೆಂಡೆ ಹಾಕುವ ಕಾಲಕ್ಕೆ ಅದು ಪಕ್ಕದಲ್ಲಿದ್ದರೆ ಒಳ್ಳೇದು. ಮೂರ್ನಾಲ್ಕು ವಾರಕ್ಕೆ ಹಸಿರು ಕಾಳು ಕಟ್ಟುತ್ತೆ. ಅದರ ಅಡುಗೆ ಕೆಳಗೆ ಯಾರಾದರೂ ಹೇಳ್ತಾರೆ.

ಈಗ 30 ದಿನದ ಲೆಕ್ಕ. ಇದನ್ನು ಹಬ್ಬದಿಂದ ಹಿಂದಕ್ಕೆ ಎಣಿಸಬೇಕು. ಹರಿವೆ 25ರಿಂದ 28 ದಿನಕ್ಕೆ ಕೀಳೋಕೆ ಬರುತ್ತೆ, ಆದ್ದರಿಂದ ಇವತ್ತು ನಾಳೆಯಲ್ಲೇ ಬೀಜ ಬೀಳಬೇಕು. ಬೀಜ ಸಾಸಿವೆಗಿಂತ ಸಣ್ಣದು. ಹಾಗೇ ಎರಚಿದರೆ ಒಂದೇ ಕಡೆ ಗುಂಪಾಗಿ ಹುಟ್ಟಿ, ಎಳೆಯದರಲ್ಲೇ ಬುಡ ಕೊಳೆತು ಬೀಳುತ್ತೆ. ಒಂದು ಚಮಚ ಬೀಜಕ್ಕೆ ಹತ್ತು ಚಮಚ ಒಣ ಮರಳು ಬೆರೆಸಿ ಎರಚಿ, ಮೇಲೆ ಕಾಲು ಇಂಚಿಗಿಂತ ಹೆಚ್ಚು ಮಣ್ಣು ಬೇಡ. ಚೊಂಬಲ್ಲಿ ನೀರು ಸುರಿದರೆ ಬೀಜವೆಲ್ಲ ಒಂದು ಮೂಲೆಗೆ ಹೋಗುತ್ತೆ, ಸಣ್ಣ ತೂತಿನ ನೀರಿನ ಕ್ಯಾನಿನಿಂದ ಚಿಮುಕಿಸಿ. ಇರುವೆ ಬೀಜ ಹೊತ್ತುಕೊಂಡು ಹೋಗುತ್ತೆ, ಟ್ರೇ ಸುತ್ತ ಒಂದು ಹಿಡಿ ರವೆ ಉದುರಿಸಿದರೆ ಅದರ ಹಿಂದೆ ಹೋಗುತ್ತೆ. ಬೀಜ ಕೊಳ್ಳುವಾಗ ‘ಅರ್ಕಾ ಸುಗುಣ’ ಕೇಳಿ ನೋಡಿ. ಮತ್ತೆ ಮತ್ತೆ ಕೊಯ್ಯುವ ಜಾತಿ ಅದು, ಬುಡದಿಂದ ಮೂರು ಇಂಚು ಬಿಟ್ಟು ಕತ್ತರಿಸಿದರೆ ಮತ್ತೆ ಚಿಗುರುತ್ತೆ.

ಮೆಂತ್ಯ ಇನ್ನೊಂದು ಸಲ ಹಾಕಬಹುದು. ಆರೇಳು ಗಂಟೆ ನೆನೆಸಿ ಹಾಕಿ, 11 ಗಂಟೆ ಮೇಲೆ ನೆರಳು ಬೀಳುವ ಜಾಗದಲ್ಲಿಡಿ, 20–22 ದಿನಕ್ಕೆ ಬೇರು ಸಮೇತ ಕಿತ್ತುಬಿಡಿ. ಎರಡನೇ ಕೊಯ್ಲಿನ ಆಸೆ ಬೇಡ, ಈ ಬಿಸಿಲಿಗೆ ಅದು ಕಹಿಯಾಗಿ ನಾರಾಗುತ್ತೆ. ಕೊತ್ತಂಬರಿಯನ್ನು ಜೂನ್ ಮಳೆವರೆಗೆ ಮರೆತುಬಿಡಿ.

ಬೆಂಡೆ ಹಬ್ಬಕ್ಕೆ ಬರಲ್ಲ, ಆದರೆ ಈಗಲೇ ಹಾಕಬೇಕು. ಹತ್ತು ಗಂಟೆ ನೆನೆಸಿ, ಬ್ಯಾಗಿಗೆ ಎರಡು ಬೀಜ, ಆಮೇಲೆ ಬಲ ಇಲ್ಲದ್ದನ್ನು ಚಿವುಟಿ ಒಂದೇ ಉಳಿಸಿ. 45–50 ದಿನಕ್ಕೆ ಮೊದಲ ಕಾಯಿ. ಬೇಸಿಗೆ ಬೆಂಡೆಗೆ ದೊಡ್ಡ ಕಾಟ ಎಂದರೆ ಹಳದಿ ನರದ ನಂಜುರೋಗ, ಬಿಳಿ ನೊಣದಿಂದ ಹರಡುತ್ತೆ. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಅನಾಮಿಕಾ’ ತಳಿ ಅದನ್ನು ಒಂದು ಮಟ್ಟಿಗೆ ತಡೆಯುತ್ತೆ. ಒಂದು ಗಿಡದಲ್ಲಿ ಎಲೆಯ ನರ ಪೂರ್ತಿ ಹಳದಿ ಆಗಿ ಬಲೆಯಂತೆ ಕಂಡರೆ ಔಷಧಿ ಹುಡುಕಬೇಡಿ, ಅವತ್ತೇ ಕಿತ್ತು ಹೊರಗೆ ಹಾಕಿ. ಕಾಯಿ ಬಿಡೋಕೆ ಶುರುವಾದ ಮೇಲೆ ದಿನ ಬಿಟ್ಟು ದಿನ ಕೀಳಬೇಕು. ನಾಲ್ಕು ದಿನ ಊರಿಗೆ ಹೋಗಿ ಬಂದರೆ ಸಿಗೋದು ಕಾಯಲ್ಲ, ಹಗ್ಗ.

ಚವಳಿಕಾಯಿಗೂ (ಗೋರಿಕಾಯಿ) ಎರಡು ಬ್ಯಾಗ್ ಕೊಡಿ. ಬಿಸಿಲು ಎಷ್ಟಿದ್ದರೂ ತಡೆಯುತ್ತೆ. ಗೊಬ್ಬರ ಜಾಸ್ತಿಯಾದರೆ ಮಾತ್ರ ಬರೀ ಎಲೆ ಬರುತ್ತೆ.

ಟೊಮೆಟೊ ಹೂ ಉದುರೋದು ಹೆಚ್ಚಾಗಿ ಸೆಕೆಯಿಂದ. ಹಗಲು 35 ಡಿಗ್ರಿ ಹತ್ತಿರ ಹೋಗಿ ರಾತ್ರಿಯೂ ತಂಪಾಗದಿದ್ದರೆ ಪರಾಗ ಸಾಯುತ್ತೆ, ಹೂ ನಿಲ್ಲಲ್ಲ. ಅದಕ್ಕೆ ಟಾನಿಕ್ ಕೊಡೋದು ದುಡ್ಡು ದಂಡ. ಇರುವ ಕಾಯಿ ಹಣ್ಣಾಗಲಿ, ಹೊಸ ಸಸಿ ಜೂನಿಗೆ.

---

ಜೋಗಿಮಟ್ಟಿ_ಗಾಳಿ

ಮೇಲಿನವರು ಹೇಳಿದ್ದು ಸರಿ, ಆದರೆ ಮಣ್ಣು ಸರಿ ಮಾಡದೆ ಬೀಜ ಹಾಕಿದರೆ ಅದೂ ಹಳದಿನೇ ಆಗೋದು. ಬರೀ ಎರೆಮಣ್ಣು ಕುಂಡಕ್ಕೆ ಆಗಿಬರಲ್ರೀ. ಹೊಲದಲ್ಲಿ ಅದು ಬಂಗಾರ, ಬ್ಯಾಗಲ್ಲಿ ಒಣಗಿದ ಕೂಡಲೇ ಕುಗ್ಗಿ ಗೋಡೆ ಬಿಡುತ್ತೆ. ಹಾಕಿದ ನೀರು ಆ ಸಂದಿನಲ್ಲೇ ಇಳಿದು ತಳದಿಂದ ಹೊರಗೆ ಬರುತ್ತೆ. ನೋಡೋರಿಗೆ ನೀರು ತುಂಬಿ ಹರಿದ ಹಾಗೆ, ಬೇರಿನ ಹತ್ತಿರ ಬೆರಳಿಟ್ಟರೆ ಒಣ ಗಟ್ಟಿ. ಎರಡು ಇಂಚು ಬೆರಳು ಇಳಿಸಿ ನೋಡಿ. ಇಳಿಯದಿದ್ದರೆ ಮೆಂತ್ಯದ ಹಳದಿಗೆ ಕಾರಣ ಅಲ್ಲೇ ಇದೆ.

ಒಂದು ಬುಟ್ಟಿ ಎರೆಮಣ್ಣಿಗೆ ಒಂದು ಬುಟ್ಟಿ ಕೆಂಪು ಮಣ್ಣು, ಒಂದು ಬುಟ್ಟಿ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಒಂದು ಬುಟ್ಟಿ ಚೆನ್ನಾಗಿ ಕಳಿತ ಗೊಬ್ಬರ. ಬ್ಯಾಗಿಗೆ ಒಂದು ಹಿಡಿ, ಸುಮಾರು 50 ಗ್ರಾಂ, ಬೇವಿನ ಹಿಂಡಿ. ಕೋಕೋಪೀಟ್ ಇಟ್ಟಿಗೆ ನೆನೆಸಿದ ಮೇಲೆ ಎರಡು ಸಲ ನೀರು ಬದಲಿಸಿ ಹಿಂಡಿ, ಅದರಲ್ಲೂ ಉಪ್ಪಿರುತ್ತೆ. ‘ಸ್ವಲ್ಪ ಮರಳು ಹಾಕಿ ಸಾಕು’ ಅನ್ನೋರ ಮಾತು ಕೇಳಬೇಡಿ, ಎರೆಮಣ್ಣಿಗೆ ಸ್ವಲ್ಪ ಮರಳು ಸೇರಿದರೆ ಗಾರೆ ಆಗುತ್ತೆ.

ಬಿಳಿ ಪುಡಿ ಗಡಸು ನೀರಿನ ಉಪ್ಪು. ಮೇಲಿಂದ ಅರ್ಧ ಇಂಚು ಕೆರೆದು ತೆಗೆಯಿರಿ. ಹದಿನೈದು ದಿನಕ್ಕೊಮ್ಮೆ ಬ್ಯಾಗಿಗೆ 8–10 ಲೀಟರ್ ನೀರನ್ನು ನಿಧಾನವಾಗಿ, ಅರ್ಧ ಗಂಟೆಯಲ್ಲಿ ಬಿಡಿ, ಉಪ್ಪು ಕರಗಿ ತಳದಿಂದ ಹೋಗುತ್ತೆ. ದಿನಾ ಸ್ವಲ್ಪ ಸ್ವಲ್ಪ ಚಿಮುಕಿಸಿದರೆ ನೀರು ಆರಿ ಉಪ್ಪು ಅಲ್ಲೇ ಉಳಿಯುತ್ತೆ. ನೀರು ಶುದ್ಧ ಮಾಡುವ ಯಂತ್ರದಿಂದ ಹೊರಗೆ ಬೀಳುವ ನೀರು ಗಿಡಕ್ಕೆ ಹಾಕೋರು ಬಹಳ ಜನ. ಬೋರಿನದಕ್ಕಿಂತ ಉಪ್ಪು ಅದರಲ್ಲೇ ಹೆಚ್ಚು, ಅದನ್ನು ನೆಲ ಒರೆಸಲು ಇಟ್ಟುಕೊಳ್ಳಿ. ಅಕ್ಕಿ ತೊಳೆದ ನೀರು ಆದೀತು, ಅವತ್ತಿನದು ಅವತ್ತೇ.

ನೀರು ಬೆಳಿಗ್ಗೆ ಏಳರೊಳಗೆ, 12 ಇಂಚಿನ ಬ್ಯಾಗಿಗೆ ಒಂದೂವರೆಯಿಂದ ಎರಡು ಲೀಟರ್. ಮಾರ್ಚ್ ಕೊನೆಯಿಂದ ಸಂಜೆ ಇನ್ನರ್ಧ. ಮಧ್ಯಾಹ್ನ ಎರಡಕ್ಕೆ ಎಲೆ ಜೋತು ಬಿದ್ದಿದ್ದು ನೋಡಿ ಓಡಿ ನೀರು ಹಾಕಬೇಡಿ. ಸಂಜೆ ಆರಕ್ಕೆ ತಾನೇ ಎದ್ದರೆ ಗಿಡಕ್ಕೆ ನೀರಿನ ಕೊರತೆ ಇಲ್ಲ. ಬೆಳಿಗ್ಗೆಯೂ ಬಿದ್ದಿದ್ದರೆ ಮಾತ್ರ ಕೊರತೆ.

ಹೊದಿಕೆಗೆ ಶೇಂಗಾ ಸಿಪ್ಪೆ ಎರಡು ಇಂಚು ದಪ್ಪ. ಚಳ್ಳಕೆರೆ ಕಡೆ ನೆಂಟರಿದ್ದರೆ ಒಂದು ಚೀಲ ತರಿಸಿಕೊಳ್ಳಿ. ಚನ್ನಗಿರಿ ಕಡೆಯವರಿಗೆ ಅಡಿಕೆ ಸಿಪ್ಪೆ ರಸ್ತೆ ಬದಿಯಲ್ಲೇ ರಾಶಿ, ಅದೂ ಆಗುತ್ತೆ. ಯಾವುದೇ ಆದರೂ ಕಾಂಡಕ್ಕೆ ತಾಗದ ಹಾಗೆ ಎರಡು ಇಂಚು ಜಾಗ ಬಿಡಿ, ಗೆದ್ದಲು ಹಿಡಿಯುವುದು ಅಲ್ಲಿಂದಲೇ. ಬ್ಯಾಗುಗಳನ್ನು ಕಾದ ಸಿಮೆಂಟಿನ ಮೇಲೆ ನೇರ ಇಡದೆ ಎರಡು ಇಟ್ಟಿಗೆ ಮೇಲೆ ಎತ್ತಿಡಿ. ನೆರಳು ಬಲೆ 50 ಪರ್ಸೆಂಟಿನದು, ಸೊಪ್ಪಿನ ಟ್ರೇಗೆ ಮಾತ್ರ, ಮಾರ್ಚ್ ಮಧ್ಯದಿಂದ. 75ರದ್ದು ಕಟ್ಟಿದರೆ ಹರಿವೆ ಬಿಸಿಲು ಹುಡುಕಿ ಸಣಕಲಾಗುತ್ತೆ. ಬೆಂಡೆ, ಚವಳಿಗೆ ಬಲೆಯೇ ಬೇಡ. ಚಿತ್ರದುರ್ಗದವರಿಗೆ ಇನ್ನೊಂದು ಮಾತು: ಗುಡ್ಡದ ಮೇಲೆ ಗಾಳಿಯಂತ್ರ ಸುಮ್ಮನೆ ನಿಲ್ಲಿಸಿಲ್ಲ. ಬಿಸಿಲಿಗಿಂತ ಒಣಗಾಳಿ ಎಲೆಯ ನೀರನ್ನು ಬೇಗ ಹೀರುತ್ತೆ, ಗಾಳಿ ಬರುವ ಕಡೆ ಗಿಡದೆತ್ತರಕ್ಕೆ ಹಳೇ ಬಲೆ ಕಟ್ಟಿ.

---

ತಾರಸಿ_ದಾವಣಗೆರೆ

ಬೆರಳು ಒಂದು ಇಂಚೂ ಇಳೀಲಿಲ್ಲ! ಈ ವಾರವೇ ಮಣ್ಣು ಬದಲು. ಕೇಳೋಕೆ ಮರೆತಿದ್ದು: ಜನವರಿಯಲ್ಲಿ ಎರಡು ಬ್ಯಾಗಲ್ಲಿ ಹೀರೆ ಹಾಕಿದ್ದು ಬಳ್ಳಿ ಚೆನ್ನಾಗಿದೆ. ಹೂವಿನ ಹಿಂದೆ ಪುಟ್ಟ ಕಾಯಿ ಕಾಣುತ್ತೆ, ಬೆರಳುದ್ದ ಆಗೋದರೊಳಗೆ ಹಳದಿಯಾಗಿ ಉದುರುತ್ತೆ. ದಿನಾ ಬೆಳಿಗ್ಗೆ ಬ್ರಷ್‌ನಿಂದ ಪರಾಗ ಮುಟ್ಟಿಸಿದರೂ ಅಷ್ಟೇ.

---

ಬಳ್ಳಿ_ಚಪ್ಪರ

ಬೆಳಿಗ್ಗೆ ಮುಟ್ಟಿಸೋದೇ ತಪ್ಪು. ಸೌತೆ, ಕುಂಬಳ ಬೆಳಿಗ್ಗೆ ಅರಳುತ್ತವೆ, ಹೀರೆ ಅರಳೋದು ಸಂಜೆ ಐದಾರು ಗಂಟೆಗೆ. ರಾತ್ರಿ ಪತಂಗ ಬರಲಿ ಅಂತ ಅದರ ಏರ್ಪಾಡು. ನಿಮ್ಮ ಬ್ರಷ್ ಬರುವ ಹೊತ್ತಿಗೆ ಹೂವಿನ ಕೆಲಸ ಮುಗಿದಿರುತ್ತೆ. ಗೊಂಚಲಲ್ಲಿ ಬರೋದು ಗಂಡು ಹೂ, ಒಂಟಿಯಾಗಿ ಹಿಂದೆ ಕಾಯಿ ಹೊತ್ತಿದ್ದು ಹೆಣ್ಣು. ಸಂಜೆ ಆರರ ಸುಮಾರಿಗೆ ಒಂದು ಗಂಡು ಹೂ ಕಿತ್ತು, ಎಸಳು ಬಿಡಿಸಿ, ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ಮಧ್ಯಕ್ಕೆ ಮೆಲ್ಲಗೆ ಸವರಿ. ಬ್ರಷ್ ಬೇಡ, ಅರ್ಧ ಪರಾಗ ಕೂದಲಲ್ಲೇ ಉಳಿಯುತ್ತೆ. ಸೆಕೆ ಏರಿದಂತೆ ಗಂಡು ಹೂವೇ ಹೆಚ್ಚು ಬರೋದು ಸಹಜ.

ಕಾಯಿ ಉದ್ದವಾಗಿ ಆಮೇಲೆ ಸೊಟ್ಟಗಾಗಿ, ಸೂಜಿ ಚುಚ್ಚಿದಂಥ ಗುರುತಿನಿಂದ ಅಂಟು ಸೋರಿದರೆ ಅದು ಕಾಯಿ ನೊಣ. ಪರಾಗ ಕಟ್ಟಿದ ಎರಡನೇ ದಿನ ಕಾಯಿಗೆ ಹಳೇ ಬಟ್ಟೆ ಚೀಲ ತೊಡಿಸಿ. ಹುಳ ಬಿದ್ದ ಕಾಯಿಯನ್ನು ಗೊಬ್ಬರದ ಗುಂಡಿಗೆ ಹಾಕಿದರೆ ಮುಂದಿನ ತಲೆಮಾರಿಗೆ ನೀವೇ ಊಟ ಹಾಕಿದ ಹಾಗೆ. ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ ಮೂರು ದಿನ ಬಿಸಿಲಿಗಿಡಿ. ಮುಂದಿನ ಸಲ ಹೀರೆಗೆ 18 ಇಂಚಿನ ಬ್ಯಾಗ್ ಕೊಡಿ, 12 ಸಾಲದು.

---

ಹೂರಣದ_ಕಟ್ಟು

ಕೊತ್ತಂಬರಿ ಹಸಿರು ಕಾಳಿಗೆ ಬರೋಣ. ಕಾಳು ಹಸಿರಾಗಿ ಉಗುರಿಗೆ ಮೆತ್ತಗೆ ಒಡೆಯುವಾಗಲೇ ಕೀಳಬೇಕು, ಕಂದು ತಿರುಗಿದರೆ ಸಿಪ್ಪೆ ಬಾಯಿಗೆ ಸಿಗುತ್ತೆ. ಅರ್ಧ ಬಟ್ಟಲು ಕಾಳಿಗೆ ಕಾಲು ಬಟ್ಟಲು ಹುರಿದು ಸಿಪ್ಪೆ ತೆಗೆದ ಶೇಂಗಾ, ನಾಲ್ಕು ಹಸಿಮೆಣಸಿನಕಾಯಿ, ನಾಲ್ಕು ಎಸಳು ಬೆಳ್ಳುಳ್ಳಿ, ಗೋಲಿ ಗಾತ್ರದ ಹುಣಸೆಹಣ್ಣು, ಉಪ್ಪು. ಮೆಣಸಿನಕಾಯಿ, ಬೆಳ್ಳುಳ್ಳಿ ಮಾತ್ರ ಎಣ್ಣೆಯಲ್ಲಿ ಬಾಡಿಸಿ. ಕಾಳು ಹುರಿಯಬೇಡಿ, ಹುರಿದರೆ ಆ ನಿಂಬೆಯಂಥ ವಾಸನೆ ಹೋಗಿ ಧನಿಯಾ ಪುಡಿ ವಾಸನೆ ಬರುತ್ತೆ. ಕಲ್ಲಲ್ಲಿ ತರಿಯಾಗಿ ಅರೆಯಿರಿ. ಜೋಳದ ರೊಟ್ಟಿಗೆ ಹೇಳಿ ಮಾಡಿಸಿದ್ದು, ಮಂಡಕ್ಕಿಗೆ ಒಂದು ಚಮಚ ಕಲೆಸಿದರೂ ಚೆಂದ.

ಹಬ್ಬದ ಮಾವಿನಕಾಯಿ ಚಿತ್ರಾನ್ನದಲ್ಲಿ ಕೆಡೋದು ಎರಡು ಕಡೆ. ಒಂದು ಹುಳಿ. ‘ಎರಡು ಕಾಯಿ’ ಅಂತ ಅಳತೆ ಬರೆಯೋದರಲ್ಲಿ ಅರ್ಥ ಇಲ್ಲ, ಕಾಯಿಂದ ಕಾಯಿಗೆ ಹುಳಿ ಬೇರೆ. ನಾಲ್ಕು ಬಟ್ಟಲು ಉದುರು ಅನ್ನಕ್ಕೆ ಒಂದು ಬಟ್ಟಲು ತುರಿ ಇಟ್ಟುಕೊಂಡು, ಮುಕ್ಕಾಲು ಹಾಕಿ ರುಚಿ ನೋಡಿ ಉಳಿದದ್ದು ಸೇರಿಸಿ. ಇನ್ನೊಂದು ಸಾಸಿವೆ. ಅರ್ಧ ಬಟ್ಟಲು ತೆಂಗಿನಕಾಯಿ ತುರಿ, ಐದು ಬ್ಯಾಡಗಿ, ಚಿಟಿಕೆ ಅರಿಶಿನದ ಜೊತೆ ಹಸಿ ಸಾಸಿವೆ ಅರ್ಧ ಚಮಚವಷ್ಟೇ, ಅದನ್ನೂ ಕೊನೆಗೆ ಹಾಕಿ ಒಂದೆರಡು ಸುತ್ತು. ಮಿಕ್ಸಿಯಲ್ಲಿ ಬಹಳ ಹೊತ್ತು ಅರೆದರೆ ಕಹಿ ಬರುತ್ತೆ, ಆಮೇಲೆ ಬೆಲ್ಲ ಹಾಕಿ ಮುಚ್ಚೋಕೆ ಆಗಲ್ಲ. ಒಗ್ಗರಣೆಗೆ ಮಸಾಲೆ ಹಾಕಿ ಹಸಿವಾಸನೆ ಹೋಗುವಷ್ಟು, ಎರಡು ನಿಮಿಷ ಬಾಡಿಸಿ. ಮಾವಿನ ತುರಿ ಹಾಕಿ ಒಂದೇ ನಿಮಿಷಕ್ಕೆ ಒಲೆ ಆರಿಸಿ. ಅನ್ನ ಪೂರ್ತಿ ಆರಿರಬೇಕು.

ಹೋಳಿಗೆಗೆ ಕಡ್ಲೆಬೇಳೆ ಬೆರಳಲ್ಲಿ ಹಿಚುಕಿದರೆ ಪುಡಿಯಾಗಬೇಕು, ತಾನಾಗಿ ಕರಗಿರಬಾರದು. ಕರಗಿದರೆ ಹೂರಣವೂ ನೀರು, ಕಟ್ಟೂ ಗಂಜಿ. ಕಟ್ಟು ಬಸಿದು ಬೇಳೆ ಹತ್ತು ನಿಮಿಷ ಜರಡಿಯಲ್ಲೇ ಬಿಟ್ಟು ಆಮೇಲೆ ಬೆಲ್ಲ. ಸಾರಿಗೆ ನಾಲ್ಕು ಬಟ್ಟಲು ಕಟ್ಟಿಗೆ ಎರಡು ಚಮಚ ಹೂರಣ ಸಾಕು, ಹೆಚ್ಚಾದರೆ ಪಾಯಸದ ಕಡೆ ವಾಲುತ್ತೆ.

ಹರಿವೆ ಹಬ್ಬದ ದಿನ ಪಲ್ಯಕ್ಕೆ, ಉಳಿದದ್ದು ಮಾರನೇ ದಿನ ಮಸ್ಸೊಪ್ಪು ಮಾಡಿ ಮುದ್ದೆ ಜೊತೆ. ವರ್ಷತೊಡಕಿಗೆ ಮಾಂಸ ಮಾಡದ ಮನೆಗೆ ಅದೇ ಸರಿ. ಬೇವಿನ ಹೂ ಉಳಿದರೆ ಸಾರಿಗೆ ಹಾಕಿ ಕುದಿಸಿ.

---

ಜೋಗಿಮಟ್ಟಿ_ಗಾಳಿ

ಬೇವಿನ ಹೂ ಕುದಿಸಬೇಡ್ರೀ, ಸಾರೆಲ್ಲ ಕಹಿ ಆಗುತ್ತೆ. ಒಣಗಿದ ಹೂ ಒಂದು ದೊಡ್ಡ ಚಮಚವನ್ನು ತುಪ್ಪದಲ್ಲಿ ಕಂದು ಬಣ್ಣಕ್ಕೆ ಹುರಿದು, ಸಾರು ಒಲೆಯಿಂದ ಇಳಿಸಿದ ಮೇಲೆ ಹಾಕಬೇಕು. ಮರದಡಿ ರಾತ್ರಿ ಬಟ್ಟೆ ಹಾಸಿ ಬೆಳಿಗ್ಗೆ ಬಿದ್ದ ಹೂ ಎತ್ತಿ, ನೆರಳಲ್ಲಿ ಮೂರ್ನಾಲ್ಕು ದಿನ ಒಣಗಿಸಿ.

---

ಹೂರಣದ_ಕಟ್ಟು

ಒಪ್ಪಿದೆ, ಅವಸರದಲ್ಲಿ ಬರೆದಿದ್ದು.

---

ಹರಿವೆಸೊಪ್ಪು

ಹೂ ಎತ್ತುವ ಮೊದಲು ಮರ ಯಾವುದು ಅಂತ ನೋಡಿಕೊಳ್ಳಿ. ಈಗ ಹೊಲದ ಬದುಗಳಲ್ಲೆಲ್ಲ ಹೆಬ್ಬೇವು ಹಾಕಿದ್ದಾರೆ, ಅದು ಅಡುಗೆಗೆ ಅಲ್ಲ. ಬೇವಿನಲ್ಲಿ ಒಂದು ಕಡ್ಡಿಯ ಎರಡೂ ಬದಿಗೆ ಗರಗಸದ ಅಂಚಿನ ಎಲೆ ನೇರವಾಗಿ ಕೂತಿರುತ್ತೆ. ಹೆಬ್ಬೇವಿನ ಕಡ್ಡಿ ಮತ್ತೆ ಕವಲೊಡೆದು, ಆ ಕವಲುಗಳ ಮೇಲೆ ಎಲೆ ಇರುತ್ತೆ. ಅನುಮಾನ ಬಂದರೆ ಒಂದು ಎಲೆ ಕಿತ್ತು ಇಲ್ಲಿ ಫೋಟೋ ಹಾಕಿ, ಹೂ ಆಮೇಲೆ.